ಮಾವನ ‘ಹೂಂ’ ಮತ್ತು ಮೈದುನನ ಆಫ್ರಿಕಾ

ನನ್ನ ಮೈದುನ ಜಮಖಂಡಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾನೆ. ಮನೆಗೆ ಬಂದರೆ ಮಾತ್ರ ಆಫ್ರಿಕಾದಿಂದ ಈಚೆಗೆ ಇಳಿಯುವುದಿಲ್ಲ. ನೈಜೀರಿಯಾದ ಯೊರುಬಾ ಭಾಷೆಯಲ್ಲಿ ‘ಒಕೊ’ ಎಂಬ ಶಬ್ದದ ಕೊನೆಗೆ ದನಿ ಏರಿಸಿದರೆ ಗುದ್ದಲಿ, ಇಳಿಸಿದರೆ ಗಾಡಿ, ಸಮ ಇಟ್ಟರೆ ಗಂಡ ಅಂತೆ. ಗಂಡ, ಗುದ್ದಲಿ ಎರಡನ್ನೂ ಬಿದ್ದಲ್ಲಿಂದ ಎತ್ತಿಡುವವರು ಹೆಂಗಸರೇ ಆದ್ದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ಅಲ್ಲಿ ಡೋಲುಗಳೂ ಅದೇ ಏರಿಳಿತದಲ್ಲಿ ಮಾತಾಡುತ್ತವಂತೆ. ನಮ್ಮ ಬನಹಟ್ಟಿ ಮನೆಯಲ್ಲಿ ಮನುಷ್ಯರ ಮಾತೇ ಕೇಳುವುದಿಲ್ಲ. ಮಲಗುವ ಕೋಣೆಯ ಗೋಡೆಯಾಚೆಗೇ ನಮ್ಮ ಪವರ್‌ಲೂಮ್ ಮಗ್ಗಗಳು.

ಹೋದ ವರ್ಷ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಬಾಯಲ್ಲಿ ‘ಹೂಂ’ ಒಂದೇ ಉಳಿಯಿತು. ಚೆನ್ನಾಗಿ ನಿದ್ದೆ ಆಗಲಿ, ಗದ್ದಲ ಬೇಡ ಎಂದು ಹೇಳಿ ಡಾಕ್ಟರು ಮನೆಗೆ ಕಳಿಸಿದರು. ನಾವು ವಿಧೇಯರು, ಮಗ್ಗಗಳನ್ನೆಲ್ಲ ಬಂದ್ ಮಾಡಿದೆವು. ಫ್ಯಾನು ತಿರುಗುವ ಸದ್ದು ಆ ಮನೆಯಲ್ಲಿ ಕೇಳಿದ್ದು ಅದೇ ಮೊದಲು. ಮಾವ ಮಾತ್ರ ಕಣ್ಣು ಮುಚ್ಚಲೊಲ್ಲರು. ಹಗಲು ರಾತ್ರಿ ‘ಹೂಂ-ಹೂಂ, ಹೂಂ-ಹೂಂ’. ಹೀಗೇ ನಿದ್ದೆಗೆಟ್ಟರೆ ಇನ್ನೊಮ್ಮೆ ಹೊಡೆದು ಆಸಾಮಿ ಉಳಿಯಲಿಕ್ಕಿಲ್ಲ ಎಂಬ ಹೆದರಿಕೆ ಎಲ್ಲರಿಗೂ.

ಆಗ ನಮ್ಮ ವಿದ್ವಾಂಸ ಮೈದುನನ ಪ್ರವೇಶವಾಯಿತು. “ವೈನಿ, ಅಪ್ಪ ಸುಮ್ಮ ನರಳಾಕತ್ತಿಲ್ಲ. ದನಿ ಏರಸ್ತಾನ, ಇಳಸ್ತಾನ. ಅದಕ್ಕ ಅರ್ಥ ಐತಿ.”

ಅರ್ಥವನ್ನೂ ಅವನೇ ಕೊಟ್ಟ. ದನಿ ಏರಿದರೆ ಚಹಾ, ನಡುವೆ ನಿಂತರೆ ನೀರು, ಇಳಿದರೆ ಉಚ್ಚೆಯ ಪಾಟು. ಆಮೇಲೆ ನಡೆದ ಸೇವೆ ಯಾವ ವೈರಿಗೂ ಬೇಡ. ಪಾಪ, ಬಾಯಾರಿದಾಗ ಪಾಟು ಬಂತು, ಪಾಟು ಬೇಕಾದಾಗ ಚಹಾ ಬಂತು. ಇಳಿದ ದನಿಯೂ ಚಹಾದ್ದೇ ಎಂದು ನನ್ನ ಗಂಡ ವಾದಕ್ಕೆ ನಿಂತ. ಅಣ್ಣತಮ್ಮಂದಿರು ಹಾಸಿಗೆಯ ಎರಡೂ ಬದಿ ಕೂತು ಜಗಳಾಡಿದರು.

ಅತ್ತೆಯನ್ನು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಗ್ಗದ ಸಪ್ಪಳದಲ್ಲೇ ಆಯುಷ್ಯ ಕಳೆದು ಅವರ ಕಿವಿ ಹೋಗಿತ್ತು. ಕಿವುಡರಿಗೆ ದನಿಯ ವಿಚಾರವೇನು ಗೊತ್ತು ಎಂದು ಅಡುಗೆಮನೆಯಲ್ಲೇ ಇರಿಸಿದ್ದೆವು. ಒಂದು ಮಧ್ಯಾಹ್ನ ಅವರೇ ಗಂಜಿ ತಂದರು. ಮಾವನ ಎಡಗೈ ಹೊದ್ದ ಕೌದಿಯ ಮೇಲೆ ಬಡಿದುಕೊಳ್ಳುತ್ತಿತ್ತು. ಅತ್ತೆ ಗಂಜಿ ಕೆಳಗಿಟ್ಟು, ಆ ಕೈ ಕೆಳಗೆ ತಮ್ಮ ಅಂಗೈ ಇಟ್ಟು ಬಡಿತದ ಲೆಕ್ಕ ಹಿಡಿದರು.

“ಮಗ್ಗ ಯಾಕ ಬಂದ್ ಇಟ್ಟೀರಿ? ನೆಲಾ ಅಲಗೂದು ನಿಂತು ಎಷ್ಟ ದಿನಾ ಆತು.”

ಗದ್ದಲ ಬೇಡವೆಂದು ಡಾಕ್ಟರು ಹೇಳಿದ್ದನ್ನು ನನ್ನ ಗಂಡ ಅವರ ಕಿವಿಯಲ್ಲಿ ಕೂಗಿದ.

“ಅದು ಗದ್ದಲ ಅಲ್ಲೋ ಖೋಡಿ. ಮಗ್ಗ ನಿಂತ್ರ ನೂಲು ಹರದೇತಿ ಅಂತ ನಿದ್ದಿಗಣ್ಣಾಗ ಎದ್ದು ಓಡತಿದ್ರು ನಿಮ್ಮಪ್ಪ. ಈಗ ಏಳಾಕ ಬರವೊಲ್ದು. ಚಾಲೂ ಮಾಡ್ರಿ ಅನ್ನಾಕತ್ತಾರ.”

ಗಂಡ ಹೋಗಿ ಗೋಡೆಯಾಚೆಗಿನ ಮಗ್ಗದ ಬಟನ್ ಒತ್ತಿದ. ಖಟಕ್-ಖಟಕ್, ಖಟಕ್-ಖಟಕ್. ಕೌದಿಯ ಮೇಲಿನ ಕೈ ಸ್ವಲ್ಪ ಹೊತ್ತು ಅದರ ಜೊತೆಗೇ ಬಡಿಯಿತು, ನಿಧಾನವಾಯಿತು, ಅತ್ತೆಯ ಅಂಗೈಯಲ್ಲಿ ಹಾಗೇ ನಿಂತಿತು. ಮಾವ ಗೊರಕೆ ಹೊಡೆಯತೊಡಗಿದರು.

ಮೈದುನ ಗೊರಕೆಯ ಏರಿಳಿತಕ್ಕೆ ಕಿವಿಗೊಟ್ಟು ನಿಂತಿದ್ದ. ಅದಕ್ಕೂ ಅರ್ಥ ಹೇಳುವ ಮೊದಲೇ, ಮಾವ ಕುಡಿಯದೆ ಬಿಟ್ಟಿದ್ದ ತಣ್ಣನೆಯ ಚಹಾ ಅವನ ಕೈಗೆ ಕೊಟ್ಟೆ.