ಈರುಳ್ಳಿ ತಾರದ ಮನೆಯಲ್ಲಿ ಕಣ್ಣೀರು

ಇವತ್ತು ಒಗ್ಗರಣೆ ಘಾಟಿಗೆ ಹೆಂಡತಿ ಕೆಮ್ಮಿದಾಗ ಕೊಪ್ಪದ ಹತ್ತಿರದ ನಮ್ಮ ಹಳೆಯ ಅಡುಗೆಮನೆ ನೆನಪಾಯಿತು.

ನಾನಾಗ ಪಿಯುಸಿ. ಅಪ್ಪ ಹೊಸದಾಗಿ ಅಸ್ತ್ರ ಒಲೆ ಹಾಕಿಸಿದ್ದರು. ಸೌದೆ ಕಡಿಮೆ ಸಾಕು, ಹೊಗೆಯೆಲ್ಲ ಕೊಳವೆಯಲ್ಲಿ ಹೆಂಚಿನ ಮಾಡಿನಾಚೆ ಹೋಗುತ್ತದೆ. ಆಗಾಗ ಕೊಳವೆಯ ಮಸಿ ತೆಗೆಯಬೇಕು, ಅಷ್ಟೆ. ಆದರೆ ನಮ್ಮ ಮನೆಯ ಕಾನೂನಿನಲ್ಲಿ ಒಲೆ ಅಮ್ಮನದು, ಕೊಳವೆಯ ತಲೆ ಅಪ್ಪನದು. ಹೆಂಗಸರು ಮಾಡು ಹತ್ತುವಂತಿರಲಿಲ್ಲ, ಅಪ್ಪ ಹತ್ತಲಿಲ್ಲ. ಮಸಿ ಕಟ್ಟಿದ ಕೊಳವೆ ಹೊಗೆಯನ್ನು ಅಮ್ಮನಿಗೇ ವಾಪಸ್ ಕೊಡತೊಡಗಿತು.

ಅಷ್ಟರಲ್ಲಿ ಅಪ್ಪನ ತಂಗಿ, ಪಕ್ಕದೂರು ನಾರ್ವೆಯ ಅತ್ತೆ, ಒಲೆ ನೋಡಲು ಬಂದರು. ಅವರಿಗೂ ಅಂಥದ್ದೇ ಕಟ್ಟಿಸುವ ಆಸೆ.

"ಹೊಗೆ ಅಂದ್ರೆ ಎಂತ ಅಂತ್ಲೇ ಮರ್ತೋಗಿದೆ ಮಾರಾಯ್ತಿ!" ಜಗಲಿಯಲ್ಲಿ ಕೂತೇ ಅಪ್ಪ ಹೊಗಳಿದರು.

ಅತ್ತೆ ಒಳಗೆ ಹೋದರು. "ಅತ್ತಿಗೆ, ಕಣ್ಣೆಂತಕ್ಕೆ ಇಷ್ಟು ಕೆಂಪು?"

"ಎಂತ ಇಲ್ಲ, ಈರುಳ್ಳಿ ಹೆಚ್ಚಿದ್ದೆ" ಎಂದರು ಅಮ್ಮ.

ನಮ್ಮ ಮನೆಯ ಹೊಸಿಲನ್ನು ಈರುಳ್ಳಿ ಎಂದೂ ದಾಟಿರಲಿಲ್ಲ. ಗಂಡನ ಮಾತು ಉಳಿಸಲು ಅಮ್ಮನಿಗೆ ಆ ಹೊಗೆಯಲ್ಲಿ ಸಿಕ್ಕಿದ್ದು ಅದೊಂದೇ ಸುಳ್ಳು.

ಅತ್ತೆ ಬಾಗಿಲಿಗೆ ಬಂದು ಅಣ್ಣನ ಮುಖ ನೋಡಿದರು. ಅಪ್ಪ ನೆಲ ನೋಡಿದರು. ಆಮೇಲೆ ಬಂದ ಕಾಫಿಯನ್ನೂ ಮುಟ್ಟದೆ ಏಣಿ ಹುಡುಕಲು ಎದ್ದರು. ಮಾಡಿನಿಂದ ಇಳಿದಾಗ ಮುಖವೆಲ್ಲ ಮಸಿ. ಅದನ್ನು ತೊಳೆದುಕೊಂಡ ಮೇಲೂ ಅಮ್ಮನೆದುರು ತಲೆ ಎತ್ತಲಿಲ್ಲ.

ಇವತ್ತು ಹೆಂಡತಿಯನ್ನು ಕೇಳಿದೆ: "ಎಂತ, ಚಿಮ್ನಿ ಎಳೀತಾ ಇಲ್ವಾ?"

"ಹಾಗೇನಿಲ್ಲ, ಸ್ವಲ್ಪ ನೆಗಡಿ" ಎಂದಳು.

ಚಿಮ್ನಿಯ ಜಾಲರಿ ಕೊನೆಯ ಸಲ ತೊಳೆದದ್ದು ಯಾವಾಗಲೋ, ನನಗೆ ನೆನಪಿಲ್ಲ. ಸ್ಟೂಲ್ ಎಲ್ಲಿದೆಯೆಂದು ಕೇಳಲೂ ನಾಚಿಕೆಯಾಗಿ, ನಾನೇ ಹುಡುಕಿಕೊಂಡೆ.