ಕಿಟಕಿಗೆ ನೇತುಹಾಕಿದ ಬಕೆಟ್

ಕಳೆದ ವರ್ಷ ಯುಗಾದಿ ಮುಗಿದ ವಾರ. ಸರ್ಜರಿ ಓದುತ್ತಿರುವ ಮೊಮ್ಮಗಳು ಧನ್ಯಾ ಕೃಷ್ಣಮೂರ್ತಿಪುರಂನ ನಮ್ಮ ಮನೆಗೆ ಬಂದಿದ್ದಳು. ನಾನು ಮೂವತ್ತಾರು ವರ್ಷ ಮೇಷ್ಟ್ರಾಗಿದ್ದವನು. ಆರಕ್ಕೆ ಕಾಫಿ, ಆಮೇಲೆ ಪೇಪರ್, ಏಳಕ್ಕೆ ವಾಕಿಂಗ್. ಆ ವಾರ ಒಂದೂ ನೆಟ್ಟಗೆ ನಡೆಯಲಿಲ್ಲ.

ಗಾಯಕ್ಕೆ ಹೊಲಿಗೆ ಹಾಕುವ ದಾರವನ್ನು ಕಿಟಕಿ ಸರಳಿಗೆ ಸುತ್ತಿ ಗಂಟು ಹಾಕುವುದು, ಅದಕ್ಕೆ ಬಕೆಟ್ ನೇತುಹಾಕುವುದು, ಚೊಂಬು ಚೊಂಬಾಗಿ ನೀರು ಸುರಿಯುವುದು. ಗಂಟು ಜಾರಿದರೆ ನನ್ನ ಪೇಪರಿಗೆ ಅಭಿಷೇಕ!

"ಏನಮ್ಮಾ ಇದು, ನಡುಮನೆಯೋ ಬಚ್ಚಲುಮನೆಯೋ?"

"ಸೋಮವಾರ ನಮ್ಮ ದೊಡ್ಡ ಡಾಕ್ಟ್ರ ಮುಂದೆ ಗಂಟು ಹಾಕಿ ತೋರಿಸ್ಬೇಕು ತಾತ. ಜಾರಿದ್ರೆ ಪೇಷೆಂಟಿಗೆ ಹೊಲಿಗೆ ಹಾಕೋಕೆ ಬಿಡಲ್ಲ ಕಣ್ರೀ ಅಂದ್ಬುಟ್ಟಿದ್ದಾರೆ."

"ಹಾಗಾದ್ರೆ ನೆಟ್ಟಗೆ ಬರೆದಿಡು!" ಎಂದು ಒಂದು ನೋಟ್‌ಬುಕ್ಕಿಗೆ ನಾನೇ ಗೆರೆ ಎಳೆದುಕೊಟ್ಟೆ: ಯಾವ ಗಂಟು, ಎಷ್ಟು ಗಂಟೆಗೆ, ಎಷ್ಟು ಚೊಂಬು. ನಾನಿಲ್ಲದಾಗಲೂ ಬರೆಯಬೇಕೆಂದು ತಾಕೀತು ಮಾಡಿದೆ.

ಮೂರು ದಿನವಾದರೂ ಲೆಕ್ಕ ಹೊಂದಲಿಲ್ಲ. ಮೊದಲ ಸುತ್ತಿಗೇ ದಾರವನ್ನು ಎರಡು ಸಲ ತಿರುಗಿಸುವ ಸರ್ಜನ್ ಗಂಟು ಗಟ್ಟಿಯಂತೆ. ಅದು ಮೂರು ಚೊಂಬಿಗೇ ಜಾರಿತ್ತು. ಸಾಧಾರಣ ಚೌಕ ಗಂಟು ಒಂಬತ್ತು ತಡೆದಿತ್ತು. "ಗಮನ ಎಲ್ಲಿದೆ ನಿಂಗೆ?" ಎಂದು ಗದರಿದೆ. ಅವಳ ಕಣ್ಣು ತುಂಬಿತು.

ಶನಿವಾರ ಸಂಜೆ, ಅಂಕಪಟ್ಟಿ ನೋಡುವ ಹಳೆಯ ಅಭ್ಯಾಸದಂತೆ ಗಂಟೆಯ ಸಾಲಿನ ಮೇಲೆ ಬೆರಳಾಡಿಸಿದೆ. ಜಾರಿದ್ದೆಲ್ಲ ಆರರಿಂದ ಏಳರ ನಡುವೆ, ನಾನು ಅಲ್ಲೇ ಪೇಪರ್ ಹಿಡಿದು ಕೂತಿದ್ದಾಗ. ಹಿಡಿದದ್ದೆಲ್ಲ ಏಳರ ನಂತರ, ನಾನು ವಾಕಿಂಗ್ ಹೋದ ಮೇಲೆ.

"ನಾನು ಹೋದ್ಮೇಲೆ ಏನು ಮಾಡ್ತೀಯ?"

"ಎಡಗೈಲಿ ಹಾಕ್ತೀನಿ," ಎಂದಳು ಮೆಲ್ಲಗೆ. "ನೀವು ನೋಡ್ತಾ ಇದ್ರೆ ದಾರ ತಾನಾಗೇ ಬಲಗೈಗೆ ಹೋಗ್ಬುಡತ್ತೆ ತಾತ."

ಒಂದನೇ ತರಗತಿಯಲ್ಲಿ ಅವಳ ಎಡಗೈಯಿಂದ ಪೆನ್ಸಿಲ್ ಕಿತ್ತು ಬಲಗೈಗೆ ಕೊಟ್ಟವನು ನಾನೇ. ಒಂದಲ್ಲ, ನೂರು ಸಲ.

ಭಾನುವಾರ ಆರಕ್ಕೇ ಮನೆ ಬಿಟ್ಟೆ. ಕಾಫಿಯೂ ಇಲ್ಲ, ಪೇಪರೂ ಇಲ್ಲ. ಗೇಟಿನ ಹೊರಗೆ ನಿಂತು ಕೇಳಿಸಿಕೊಂಡೆ: "ಏಳು... ಎಂಟು... ಒಂಬತ್ತು..." ಬಕೆಟ್ ಬೀಳುವ ಸದ್ದಾಗಲಿಲ್ಲ.

ಸೋಮವಾರ ಮಧ್ಯಾಹ್ನ ಫೋನ್ ಮಾಡಿದಳು. "ಒಂದೂ ಜಾರಲಿಲ್ಲ ತಾತ. ಎಡಗೈನೇ!"

ನಡುಮನೆಯ ನೆಲದಲ್ಲಿ ನೀರಿನ ಕಲೆ ಇನ್ನೂ ಇದೆ; ನೋಡಿದಾಗಲೆಲ್ಲ ರೇಗುತ್ತದೆ, ಈಗ ಅವಳ ಮೇಲಲ್ಲ. ಮೂವತ್ತಾರು ವರ್ಷದ ಹಾಜರಿ, ಅಂಕ, ಎಲ್ಲ ಅಚ್ಚುಕಟ್ಟಾಗಿ ಬರೆದಿಟ್ಟವನು ನಾನು. ಎಷ್ಟು ಮಕ್ಕಳ ಕೈ ಬದಲಾಯಿಸಿದೆ ಎಂಬುದನ್ನು ಮಾತ್ರ ಎಲ್ಲೂ ಬರೆದಿಟ್ಟಿಲ್ಲ.