ಒಂದು ಕೈಗೆ ಹತಾರ, ಒಂದು ಕೈಗೆ ಕಂಬಿ

ಹೈದರಾಬಾದಿಗೆ ಬಂದ ಮೊದಲ ನಾಲ್ಕು ವರ್ಷ ನಾನು ಸೆಂಟ್ರಿಂಗ್ ಬಡಗಿ. ಕಾಂಕ್ರೀಟು ಸುರಿಯುವ ಮೊದಲು ಹಲಗೆಗೆ ಹಲಗೆ ಸೇರಿಸಿ, ಮೊಳೆ ಹೊಡೆದು, ಅಚ್ಚು ಕಟ್ಟುವ ಕೆಲಸ. ಮಾದಾಪುರದ ಬಂಡೆಗಳನ್ನು ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಕೆಲಸಕ್ಕೇನೂ ಬರವಿರಲಿಲ್ಲ. ಆದರೆ ಒಂದು ವಿಷಯ ನನ್ನ ಹೊಟ್ಟೆ ಉರಿಸುತ್ತಿತ್ತು. ನಾನು ಕಟ್ಟಿದ್ದನ್ನೆಲ್ಲ ಕಾಂಕ್ರೀಟು ಗಟ್ಟಿಯಾದ ಮೇಲೆ ನಾನೇ ಬಿಚ್ಚಬೇಕಿತ್ತು. ನಾಲ್ಕು ವರ್ಷ ಹೊಡೆದ ಮೊಳೆಗಳಲ್ಲಿ ಒಂದೂ ಹೊಡೆದ ಜಾಗದಲ್ಲಿ ಉಳಿದಿರಲಿಲ್ಲ. ಚಿಂಚೋಳಿ ಕಡೆಯ ನಮ್ಮೂರಿಗೆ ಹೋದಾಗ ಯಾರಾದರೂ, "ಅಲ್ಲಿ ಏನೇನು ಮಾಡೀದಿ?" ಎಂದು ಕೇಳಿದರೆ, ಇದು ನಾನು ಮಾಡಿದ್ದು ಅನ್ನಲು ಒಂದು ಮಣೆಯೂ ಇರಲಿಲ್ಲ.

ಉಳಿಯುವಂಥದ್ದೇನಾದರೂ ಮಾಡಬೇಕು ಎಂಬ ಹಟ ಹತ್ತಿತು. ಅದಕ್ಕೆ ಫಿನಿಶಿಂಗ್ ಬಡಗಿಯಾಗಬೇಕು, ಎಂದರೆ ಮೇಜು, ಬಾಗಿಲು, ಕಪಾಟು ಮಾಡುವವನು. ನಾವಿದ್ದ ಪಟಾನ್‌ಚೆರು ಕಡೆಯ ವಠಾರದಲ್ಲೇ ಹುಮನಾಬಾದಿನ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಸಾಫ್ಟ್‌ವೇರ್ ಕಂಪನಿಗಳ ಒಳಗಿನ ಮರಗೆಲಸಕ್ಕೆ ಅವರ ತಂಡವನ್ನೇ ಕರೆಯುತ್ತಿದ್ದರು. ಒಂದು ಭಾನುವಾರ ಹೋಗಿ ಅವರ ಮುಂದೆ ನಿಂತೆ. ಕಾಕಾ ನನ್ನ ಅಂಗೈ ತಿರುಗಿಸಿ ನೋಡಿದರು.

"ಮೂರು ತಿಂಗಳು ನೋಡ್ತೀನಿ," ಎಂದರು. "ಆಮ್ಯಾಲ ಇರು ಅಂತೀನಿ, ಇಲ್ಲಾ ನಿನ್ನ ಸೆಂಟ್ರಿಂಗಿಗೆ ಹೋಗು ಅಂತೀನಿ. ಹತಾರ ಅದಾವೇನು?"

"ನಾಳೆ ತರ್ತೀನ್ರಿ ಕಾಕಾ."

ತಂದೆ ಅಂದರೆ ಹೇಗೆ ತಂದೆ! ಒಂದು ದೊಡ್ಡ ತಗಡಿನ ಪೆಟ್ಟಿಗೆ ಕೊಂಡು, ಹಾರ್ಡ್‌ವೇರ್ ಅಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಅದಕ್ಕೆ ತುಂಬಿಸಿಕೊಂಡು ಬಂದಿದ್ದೆ. ಮೂರು ಗರಗಸ, ಎರಡು ಸುತ್ತಿಗೆ, ಹಳದಿ ಪ್ಲಾಸ್ಟಿಕ್ ಹಿಡಿಯ ಹನ್ನೆರಡು ಉಳಿಗಳ ಸೆಟ್ಟು, ಮರ ನಯ ಮಾಡುವ ರಂದಾ ಚಿಕ್ಕದೊಂದು ದೊಡ್ಡದೊಂದು. ಇನ್ನೂ ಏನೇನೋ ಇತ್ತು, ಕೆಲವಕ್ಕೆ ಹೆಸರೂ ಗೊತ್ತಿರಲಿಲ್ಲ. ಮದುವಣಗಿತ್ತಿಯ ಟ್ರಂಕಿನಂತೆ ಅದನ್ನು ಕಾಕಾನ ಮುಂದೆ ಇಟ್ಟು, ಮುಚ್ಚಳ ತೆಗೆಯಲಿ ಎಂದು ಕಾದೆ. ಅವರು ಅದನ್ನು ಮುಟ್ಟಲೂ ಇಲ್ಲ.

"ಎತ್ತು," ಎಂದರು. "ಹಿಮಾಯತ್‌ನಗರದಾಗ ಒಂದು ಮನೀ ಬಾಗಿಲಾ ಮಳೀಗೆ ಉಬ್ಬೈತಿ. ನಡಿ, ಹೋಗಿ ಕೆತ್ತಿ ಬರೂಣು."

ಆ ಬೆಳಿಗ್ಗೆಯನ್ನು ನೆನೆದರೆ ಈಗಲೂ ತೋಳು ನೋಯುತ್ತದೆ. ಮೊದಲ ಎರಡು ಬಸ್ಸುಗಳ ಕಂಡಕ್ಟರುಗಳು, "ಆ ಪೆಟ್ಟೆ ದಿಂಪು!" ಎಂದು ಗದರಿಸಿ ಪೆಟ್ಟಿಗೆಯ ಜೊತೆಗೆ ನನ್ನನ್ನೂ ಇಳಿಸಿದರು. ಮೂರನೆಯದಕ್ಕೆ ಹೇಗೋ ಹತ್ತಿದೆ. ಎರಡೂ ಕೈ ಪೆಟ್ಟಿಗೆಯ ಮೇಲಿದ್ದವು, ಕಂಬಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರಲಿ? ಡ್ರೈವರು ಬ್ರೇಕು ಹಾಕಿದಾಗ ಪೆಟ್ಟಿಗೆ ಒಬ್ಬರ ಕಾಲ ಮೇಲೆ ಕೂತಿತು, ನಾನು ಇನ್ನೊಬ್ಬರ ಮೇಲೆ. ಆ ಇಬ್ಬರೂ ನನಗೆ ಬೈದದ್ದನ್ನು ಬರೆಯುವಂತಿಲ್ಲ. ಕಾಕಾ ನಾಲ್ಕು ಮಾರು ದೂರದಲ್ಲಿ ನಿಂತಿದ್ದರು. ಎಡಗೈಯಲ್ಲಿ ತಾಡಪತ್ರಿ ಬಟ್ಟೆಯ ಚೀಲ, ಬಲಗೈಯಲ್ಲಿ ಕಂಬಿ. ನನ್ನ ಪರಿಚಯವೇ ಇಲ್ಲದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು.

ಹಿಮಾಯತ್‌ನಗರದಲ್ಲಿ ಇಳಿದು, ಮೂರು ಮಹಡಿ ಹತ್ತಿ, ರಂದಾ ಕೈಗೆತ್ತಿಕೊಂಡರೆ ಬೆರಳುಗಳು ನಡುಗುತ್ತಿದ್ದವು. ಮೊದಲ ಎಳೆತಕ್ಕೇ ಅದು ಬಾಗಿಲಿನ ಅಂಚನ್ನು ಕಚ್ಚಿಕೊಂಡಿತು. ಕಾಕಾ ನನ್ನನ್ನು ಪಕ್ಕಕ್ಕೆ ಸರಿಸಿ, ತಮ್ಮ ಚೀಲದಿಂದ ಒಂದು ಪುಟ್ಟ ರಂದಾ ತೆಗೆದು, ಈರುಳ್ಳಿ ಸಿಪ್ಪೆಯಂಥ ಹೆರೆಗಳನ್ನು ಎಬ್ಬಿಸುತ್ತ ಬಾಗಿಲನ್ನು ಸರಿ ಮಾಡಿದರು. ನನಗೆ ಸಿಟ್ಟು ಬಂದಿತ್ತು, ನಾಚಿಕೆಯೂ ಆಗಿತ್ತು, ಆದರೂ ಆ ಕೈಯಿಂದ ಕಣ್ಣು ಕೀಳಲಾಗಲಿಲ್ಲ.

ಕೆಲಸ ಮುಗಿದ ಮೇಲೆ ಅವರು ಹೇಳಿದ್ದು ಇಷ್ಟೇ. "ಒಂದು ಕೈಯಾಗ ಹತಾರ, ಒಂದು ಕೈಯಾಗ ಬಸ್ಸಿನ ಕಂಬಿ. ಒಂದು ಕೈಗೆ ಎಷ್ಟು ಬರ್ತೈತಿ, ಅಷ್ಟು ನಿಂದು. ಉಳಿದದ್ದು ಅಂಗಡಿಯವಂದು."

ಮರುದಿನದಿಂದ ನಮ್ಮ ಸೈಟು ಮಾದಾಪುರದಲ್ಲಿ. ಸಂಜೆ ನನ್ನ ಸಾಮಾನುಗಳನ್ನೆಲ್ಲ ಗೋಣಿತಟ್ಟಿನ ಮೇಲೆ ಹರವಿಸಿ ಕಾಕಾ ಕೇಳುತ್ತಿದ್ದರು, "ಇವತ್ತು ಯಾವ್ಯಾವುದು ಮುಟ್ಟೀದಿ?" ಮುಟ್ಟದೆ ಇದ್ದದ್ದು ಒಂದು ಕಡೆಗೆ ಹೋಗುತ್ತಿತ್ತು. ವಾರವಿಡೀ ಮುಟ್ಟದೆ ಇದ್ದದ್ದು ಕೋಣೆಗೆ ವಾಪಸು. ನಾನು ವಾದಿಸದೆ ಬಿಡುವವನಲ್ಲ. ನಾಳೆ ಬೇಕಾದರೆ ಏನು ಮಾಡಲಿ ಎನ್ನುತ್ತಿದ್ದೆ. "ನಾಳೆ ಬೇಕಾದ್ರ ನಾಳೆ ತಾ," ಎನ್ನುತ್ತಿದ್ದರು. ಹದಿನೈದು ದಿನಕ್ಕೆ ನನ್ನ ಸಂಸಾರ ಹನ್ನೊಂದು ಹತಾರಕ್ಕೆ ಇಳಿದು ಒಂದು ಬಟ್ಟೆಚೀಲದಲ್ಲಿ ಹಿಡಿಯಿತು. ಪೆಟ್ಟಿಗೆಯಲ್ಲಿ ನನ್ನ ಹೆಂಡತಿ ಜೋಳ ತುಂಬಿಟ್ಟಳು. ಅವಳಿಗೆ ಮಾತ್ರ ಆ ಪೆಟ್ಟಿಗೆಯ ಮೇಲೆ ಯಾವ ದೂರೂ ಇರಲಿಲ್ಲ.

ಹನ್ನೆರಡು ಉಳಿಗಳಲ್ಲಿ ಮೂರು ಉಳಿದಿದ್ದವು. ಸಾಗವಾನಿ ಮರಕ್ಕೆ ಇಟ್ಟ ಮೊದಲ ದಿನವೇ ಅವುಗಳ ಬಾಯಿ ಮಡಚಿಹೋಯಿತು. ಕಾಕಾ ಮೂರನ್ನೂ ಹಿಡಿದು ನೋಡಿ, ಗುರುವಾರ ರಜೆ ಮಾಡಿಸಿ, ಹಳೇ ಸಾಮಾನಿನ ಬಜಾರಿಗೆ ಕರೆದುಕೊಂಡು ಹೋದರು. ರಸ್ತೆಯಂಚಿಗೆ ಹರವಿದ ಚಿಂದಿಯ ಮೇಲೆ ಮುರಿದ ಫ್ಯಾನು, ಬಾಗಿದ ಸೌಟು, ತುಕ್ಕು ಹಿಡಿದ ಕಬ್ಬಿಣದ ಗುಡ್ಡೆ. ಆ ಗುಡ್ಡೆಯ ಮುಂದೆ ಕಾಕಾ ಕುಕ್ಕರಗಾಲಲ್ಲಿ ಕೂತರು. ಹಿಡಿಯಿಲ್ಲದ ಉಳಿಗಳನ್ನು ಒಂದೊಂದಾಗಿ ಎತ್ತಿ, ಬೆರಳ ತುದಿಯಲ್ಲಿ ನೇತುಬಿಟ್ಟು, ಉಗುರಿನಿಂದ ಚಿಮ್ಮಿ ಕಿವಿಯ ಹತ್ತಿರ ಒಯ್ಯುತ್ತಿದ್ದರು. ಒಂದರ ಬೆನ್ನಿಗೆ ಇನ್ನೊಂದರ ಬೆನ್ನು ಹಚ್ಚಿ, ನಡುವೆ ಬೆಳಕು ತೂರುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಒಂದು ತಾಸಾಯಿತು. ಬಿಸಿಲಿಗೆ ನನ್ನ ತಲೆ ಕಾದು, "ಹೊಸಾದು ಬಿಟ್ಟು ತುಕ್ಕು ತಗೊಳ್ಳಾಕ ಇಷ್ಟು ಹೊತ್ತೇನ್ರಿ ಕಾಕಾ?" ಎಂದುಬಿಟ್ಟೆ.

"ತುಕ್ಕು ಮ್ಯಾಲಿಂದು. ಉಕ್ಕು ಒಳಗ ಐತಿ," ಎಂದರು, ತಲೆ ಎತ್ತದೆ.

ಇಡೀ ಗುಡ್ಡೆಯಲ್ಲಿ ಎರಡೇ ಎರಡನ್ನು ಆರಿಸಿದರು. ಪಕ್ಕದ ಇರಾನಿ ಹೋಟೆಲಿನ ಮೆಟ್ಟಿಲ ಮೇಲೆ ಕೂತು, ಜೇಬಿನಿಂದ ಸಾಣೆಕಲ್ಲು ತೆಗೆದು, ಚಹಾದ ಜೊತೆ ಬಂದ ನೀರನ್ನೇ ಚಿಮುಕಿಸಿ ಒಂದನ್ನು ಮಸೆಯತೊಡಗಿದರು. ನನ್ನ ಚಹಾ ಮುಗಿಯಿತು, ಅವರದ್ದು ಆರಿತು. ಆಮೇಲೆ ನನ್ನ ತೋಳು ಎಳೆದುಕೊಂಡು ಉಳಿಯನ್ನು ಮೆಲ್ಲಗೆ ಆಡಿಸಿದರು. ಎರಡು ಬೆರಳಗಲ ಕೂದಲು ಸದ್ದಿಲ್ಲದೆ ಉದುರಿ ಚರ್ಮ ನುಣ್ಣಗಾಯಿತು. ಕ್ಷೌರಿಕನ ಕತ್ತಿ ಕೂಡ ನನ್ನನ್ನು ಅಷ್ಟು ಮರ್ಯಾದೆಯಿಂದ ಮುಟ್ಟಿರಲಿಲ್ಲ. ಮನೆಗೆ ಬಂದ ಮೇಲೆ ಕಾಕಾ ಊರಿಂದ ತಂದಿಟ್ಟಿದ್ದ ಜಾಲಿಯ ತುಂಡಿನಲ್ಲಿ ಎರಡಕ್ಕೂ ಹಿಡಿ ಮಾಡಿಕೊಟ್ಟರು, ಅದೂ ನನ್ನ ಮುಷ್ಟಿಯ ಅಳತೆ ತೆಗೆದುಕೊಂಡು. ಬೇರೆ ಯಾರಾದರೂ ಹಿಡಿದರೆ ಒಂದೋ ಸಡಿಲ, ಇಲ್ಲವೇ ಬಿಗಿ.

ಇನ್ನು ಬಸ್ಸಿನ ಮಾತು. ನಮ್ಮ ಸಿಟಿ ಬಸ್ಸುಗಳಲ್ಲಿ ಒಂದು ಒಳ್ಳೆಯ ರೂಢಿಯಿದೆ. ಕೂತವರು ನಿಂತವರ ಚೀಲವನ್ನು ಕೇಳಿ ಈಸಿಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಆಗ ಯಾರ ತೊಡೆ ನೋಡಿದರೂ ಕಪ್ಪು ಲ್ಯಾಪ್‌ಟಾಪ್ ಚೀಲ. ಅದರ ಮೇಲೆ ಇನ್ನೊಬ್ಬರ ಟಿಫನ್ನು, ಮತ್ತೊಬ್ಬರ ತರಕಾರಿ. ಆದರೆ ಕಾಕಾ ಮಾತ್ರ ತಮ್ಮ ಚೀಲವನ್ನು ಯಾರಿಗೂ ಕೊಡುತ್ತಿರಲಿಲ್ಲ. ಎಷ್ಟೇ ಜನ ಕೈ ಚಾಚಿದರೂ ನಕ್ಕು ತಲೆಯಾಡಿಸುತ್ತಿದ್ದರು. ತಂಡದವರಿಗೂ ಇಲ್ಲ. ಇಪ್ಪತ್ತು ವರ್ಷದಿಂದ ಹೀಗೇ ಎಂದು ಹಳಬರು ಹೇಳುತ್ತಿದ್ದರು. ಮುದುಕನ ಜಂಬ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ.

ಮೂರು ತಿಂಗಳಿಗೆ ಹದಿನೈದು ದಿನ ಬಾಕಿ ಇತ್ತು. ಉಳಿಗಳ ಬಾಯಿಗೆ ದಪ್ಪ ಬಟ್ಟೆ ಸುತ್ತಿ ದಾರ ಕಟ್ಟಬೇಕೆಂದು ಕಾಕಾ ಮೊದಲ ದಿನವೇ ಹೇಳಿದ್ದರು. ಅಂದು ಬಸ್ಸು ಬಂದೇಬಿಟ್ಟಿತೆಂಬ ಅವಸರಕ್ಕೆ ನಾನು ಅವನ್ನು ಬರೀ ಪೇಪರಿನಲ್ಲಿ ಸುತ್ತಿ ಚೀಲಕ್ಕೆ ತುರುಕಿದೆ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಂಗಸರ ಸೀಟುಗಳು ಮುಗಿಯುವ ಕಡೆ ಕೂತಿದ್ದ ಹುಡುಗಿಯೊಬ್ಬಳು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ನನ್ನ ಕಡೆ ಕೈ ಚಾಚಿ, "ಇಲಾ ಇವ್ವಂಡಿ ಅನ್ನಾ," ಎಂದಳು. ಚೀಲ ಕೊಟ್ಟುಬಿಟ್ಟೆ. ಕೊತ್ತಗೂಡದ ಹತ್ತಿರ ಬಸ್ಸು ಗುಂಡಿಗೆ ಇಳಿದು ಎದ್ದಿತು. ಆ ಹುಡುಗಿ ಕಿಟಾರನೆ ಕಿರುಚಿದಳು.

ಉಳಿಯ ಮೂತಿ ಪೇಪರನ್ನೂ ಚೀಲವನ್ನೂ ದಾಟಿ ಅವಳ ತೊಡೆಗೆ ಚುಚ್ಚಿತ್ತು. ನನ್ನ ತೋಳಿನ ಕೂದಲು ತೆಗೆದಿದ್ದ ಅದೇ ಉಳಿ. ತಿಳಿನೀಲಿ ಚೂಡಿದಾರದ ಮೇಲೆ ರಕ್ತ ನಾಣ್ಯದಷ್ಟಾಗಿ, ಅಂಗೈಯಷ್ಟಾಯಿತು. ಬಸ್ಸಿನ ಜನ ನನ್ನ ಅಂಗಿಯ ಕಾಲರು ಹಿಡಿದರು. ಹಿಂದಿನಿಂದ ಜನರನ್ನು ಸರಿಸಿಕೊಂಡು ಬಂದ ಕಾಕಾ ಅವಳ ಮುಂದೆ ಬಾಗಿ, ಎದೆಗೆ ಕೈ ಇಟ್ಟುಕೊಂಡು, "ತಪ್ಪು ನಾದಮ್ಮಾ. ನೇನು ನೇರ್ಪಲೇದು," ಎಂದರು. ತಪ್ಪು ನನ್ನದು, ನಾನು ಕಲಿಸಲಿಲ್ಲ.

ಅವರು ಕಲಿಸಿದ್ದರು. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮುಂದಿನ ಸ್ಟಾಪಿನಲ್ಲಿ ಇಳಿಸಿ, ಹತ್ತಿರದ ಕ್ಲಿನಿಕ್ಕಿನಲ್ಲಿ ಅವಳಿಗೆ ಪಟ್ಟಿ ಹಾಕಿಸಿ, ಇಂಜೆಕ್ಷನ್ ಕೊಡಿಸಿದೆವು. ಗಾಯ ಆಳವಾಗಿರಲಿಲ್ಲ, ದೇವರು ದೊಡ್ಡವನು. ಆಟೋ ಹತ್ತುವಾಗ ಆ ಹುಡುಗಿ, "ಪರವಾಲೇದು," ಎಂದು ಕಾಕಾನಿಗೇ ಸಮಾಧಾನ ಹೇಳಿದಳು. ಆಮೇಲೆ ನಾವಿಬ್ಬರೂ ನಡೆದುಕೊಂಡು ಹೊರಟೆವು. ಲಿಂಗಂಪಲ್ಲಿಯವರೆಗೂ ಅವರು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಎರಡೇಟು ಹೊಡೆದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಿಗ್ಗೆ ಹೋಗು ಎನ್ನುತ್ತಾರೆ ಎಂದುಕೊಂಡೇ ಸೈಟಿಗೆ ಹೋದೆ. ಮತ್ತೆ ಮೊಳೆ ಹೊಡೆಯುವುದು, ಮತ್ತೆ ಕೀಳುವುದು. ಊಟದ ಹೊತ್ತಿಗೆ ಕಾಕಾ ನನ್ನನ್ನು ಕರೆದು ಸಾಗವಾನಿಯ ನಾಲ್ಕು ಚೂರುಗಳನ್ನು ಮುಂದಿಟ್ಟರು. ತಮ್ಮ ಚೀಲ ಬಿಚ್ಚಿ ತೋರಿಸಿದರು. ಅಲ್ಲಿಯವರೆಗೆ ನಾನು ಅದರ ಒಳಗೆ ಸರಿಯಾಗಿ ನೋಡಿರಲಿಲ್ಲ. ಒಂದೊಂದು ಉಳಿಯ ಬಾಯಿಗೂ ಅದರದೇ ಅಳತೆಯ ಮರದ ಟೊಪ್ಪಿಗೆ. ಗರಗಸದ ಹಲ್ಲಿಗೆ, ಎಲೆಕ್ಟ್ರಿಶಿಯನ್ನರು ಎಸೆದ ಪ್ಲಾಸ್ಟಿಕ್ ಪೈಪನ್ನು ಸೀಳಿ ಮಾಡಿದ ಹೊದಿಕೆ. ರಂದಾದ ಅಲಗು ಒಳಕ್ಕೆ ಎಳೆದು, ಎಣ್ಣೆಬಟ್ಟೆ ಸುತ್ತಿಟ್ಟಿದ್ದರು. ಇಷ್ಟೆಲ್ಲ ಮಾಡಿಯೂ ಆ ಮನುಷ್ಯ ಇಪ್ಪತ್ತು ವರ್ಷ ಯಾರ ತೊಡೆಯ ಮೇಲೂ ಚೀಲ ಇಟ್ಟಿರಲಿಲ್ಲ. ಜಂಬ ಎಂದುಕೊಂಡಿದ್ದ ನನ್ನ ಬುದ್ಧಿಗೆ ಬರೆ ಹಾಕಬೇಕಿತ್ತು.

"ಮಾಡು," ಎಂದರು.

ಒಂದು ವಾರ ಊಟದ ಹೊತ್ತಿನಲ್ಲೆಲ್ಲ ಟೊಪ್ಪಿಗೆ ಮಾಡಿದೆ. ಎರಡು ತೆಳು ಪಟ್ಟಿ, ನಡುವೆ ಉಳಿಯ ಬಾಯಿ ಕೂರುವಷ್ಟೇ ತೋಡು, ಅಂಟು, ಮೇಲೆ ದಾರ. ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ಅಲಗು ಕೆಡುತ್ತದೆ. ಐದು ಟೊಪ್ಪಿಗೆಗಳನ್ನು ಕಾಕಾ ಕಸಕ್ಕೆ ಎಸೆದರು. ಆರನೆಯದನ್ನು ಎಸೆಯಲಿಲ್ಲ. ಎಲ್ಲ ಮುಗಿದ ದಿನ ನನ್ನ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ನಾವು ಕೆಲಸ ಮಾಡುತ್ತಿದ್ದ ಗಾಜಿನ ಗೋಡೆಯ ಆಫೀಸಿನ ನಡುವೆ ಆ ವಯಸ್ಸಿನಲ್ಲಿ ದಬದಬ ಹತ್ತು ಸಲ ಕುಣಿದರು. ಕಂಪ್ಯೂಟರ್ ತಂತಿ ಎಳೆಯುತ್ತಿದ್ದ ಹುಡುಗರು ಬಾಯಿ ಬಿಟ್ಟು ನೋಡಿದರು. ನನಗೆ ನಗು ಬರಲಿಲ್ಲ. ಚುಚ್ಚಿದರೆ ಅವರಿಗೆ ಚುಚ್ಚುತ್ತಿತ್ತು. ಕುಣಿದು ನಿಂತವರು ಅಂಗಿ ಎತ್ತಿ ಹೊಟ್ಟೆ ನೋಡಿಕೊಂಡು, ಚೀಲವನ್ನು ನನ್ನ ಕೈಗಿಟ್ಟು ಕೆಲಸಕ್ಕೆ ಹೋದರು.

ಮೂರು ತಿಂಗಳು ತುಂಬಿದ ದಿನ ಬೆಳಗಿನಿಂದ ಅವರ ಬಾಯನ್ನೇ ನೋಡುತ್ತಿದ್ದೆ. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸಂಜೆ ಪಟಾನ್‌ಚೆರು ಬಸ್ಸಿಗೆ ಹತ್ತಿದೆವು. ಕೊಂಡಾಪುರದಲ್ಲಿ ಒಬ್ಬರು ಇಳಿದು, ಜನರ ನೂಕಿಗೆ ನಾನು ಆ ಸೀಟಿನಲ್ಲಿ ಬಿದ್ದೆ. ಕಾಕಾ ನಿಂತಿರುವುದು ಕಂಡು ಎದ್ದೆ. ಅವರು ನನ್ನ ಭುಜ ಒತ್ತಿ ಮತ್ತೆ ಕೂರಿಸಿ, ಎಡಗೈಯ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟರು.

"ಹಿಡಕೋ," ಎಂದು, ಖಾಲಿಯಾದ ಆ ಕೈಯಿಂದಲೂ ಕಂಬಿ ಹಿಡಿದುಕೊಂಡರು.

ನಾನು ಚೀಲವನ್ನು ಎರಡೂ ಕೈಯಿಂದ ತಬ್ಬಿಕೊಂಡೆ. ಬಸ್ಸು ಗುಂಡಿಗಳಲ್ಲಿ ಎದ್ದು ಬಿದ್ದು ಹೋಗುತ್ತಿತ್ತು, ತೊಡೆಗೆ ಒಂದು ಮೊನೆಯೂ ತಾಗಲಿಲ್ಲ. ನನ್ನ ಕಣ್ಣಲ್ಲಿ ನೀರು ನೋಡಿ ಪಕ್ಕದಲ್ಲಿ ಕೂತಿದ್ದವನು ಗಾಬರಿಯಾಗಿ, "ಕ್ಯಾ ಹುವಾ ಭಾಯ್?" ಎಂದ.

ಏನಿಲ್ಲ, ಕೆಲಸ ಸಿಕ್ಕಿತು, ಎಂದೆ.